ಹದಿನಾರನೇ ಮನೆಯ ಹಾಳೆ

ಯಶವಂತಪುರ
ಜನವರಿ ೧೯೬೬

ರಾಜಾನುಕುಂಟೆಯ ಮುನಿಯಲ್ಲಮ್ಮನವರಿಗೆ ವೆಂಕಟರಾಮಯ್ಯ ಮಾಡುವ ನಮಸ್ಕಾರ.

ನನ್ನ ನೆನಪಿದೆಯೋ ಇಲ್ಲವೋ. ಒಂಬತ್ತು ವರ್ಷದ ಹಿಂದೆ ಕಂಕುಳಲ್ಲಿ ಕಾಗದದ ಕಟ್ಟು ಇರುಕಿಕೊಂಡು ಸಮೀಕ್ಷೆಗೆಂದು ನಿಮ್ಮೂರಿನ ಮನೆಮನೆ ತಿರುಗಿದ ಕಾಲೇಜು ಹುಡುಗ ನಾನು. ಮನೆಮನೆ ಎಂದರೆ ನೀವು ಈಗಲೂ ಜಗಳಕ್ಕೆ ಬರುತ್ತೀರಿ. ಐದು ಮನೆಗೊಂದು ಮನೆ. ಐದರಲ್ಲಿ ಒಂದನ್ನು ಕೇಳಿದರೆ ಊರೆಲ್ಲ ತಿಳಿಯುತ್ತದೆ ಎಂದು ನಮ್ಮ ಸಮಾಜಶಾಸ್ತ್ರದ ಪ್ರೊಫೆಸರು ಕಲಿಸಿದ್ದರು. ನಿಮ್ಮ ಪಕ್ಕದ ನರಸಯ್ಯನವರದು ಹದಿನೈದನೆಯದು, ಅಲ್ಲಿ ಕೂತೆ. ನಿಮ್ಮದು ಹದಿನಾರು, ದಾಟಿ ಹೋದೆ.

ಮದುವೆಗೆ ಕರೆಯಲು ಕುಂಕುಮದ ಬಟ್ಟಲು ಹಿಡಿದು ಹೊರಟವರು ನಡುವೆ ಒಂದು ಮನೆ ಬಿಟ್ಟರೆ ನಿಮ್ಮೂರಿನಲ್ಲಿ ಅದೆಂಥ ಅವಮಾನ ಎಂಬುದು ನನಗೆ ಹೊಳೆದಿರಲಿಲ್ಲ. "ಏನಪ್ಪಾ, ನಮ್ದೇನ್ ಮನೆ ಅಲ್ವಾ? ನಾವೇನ್ ಮಾಡ್ಬಾರದ್ದು ಮಾಡಿದ್ವಿ?" ಎಂದು ಬೀದಿಯಲ್ಲೇ ಅಡ್ಡ ನಿಂತಿರಿ. ರಾಗಿ ಮೂಟೆಯಿಂದ ಒಂದು ಹಿಡಿ ತೆಗೆದು ನೋಡುವುದಿಲ್ಲವೇ, ಹಾಗೆಯೇ ಇದು ಎಂದು ನಾನು ಪಾಂಡಿತ್ಯ ತೋರಿಸಿದೆ. "ಮೂಟೇಲಿ ಉಳಿದಿದ್ ರಾಗಿಗೆ ಬೇಜಾರಾಗಲ್ಲ ಕಣಪ್ಪಾ. ನಂಗಾಗ್ತದೆ" ಅಂದಿರಿ. ಇವತ್ತು ನಾನೇ ಹುಡುಗರಿಗೆ ಸಂಶೋಧನೆಯ ವಿಧಾನ ಪಾಠ ಮಾಡುತ್ತೇನೆ. ನಿಮ್ಮ ಮಾತಿಗೆ ಉತ್ತರ ಇನ್ನೂ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ನಿಮ್ಮ ಸಮಾಧಾನಕ್ಕೆ ಒಂದು ಹಾಳೆ ತೆಗೆದು ಜಗಲಿಯ ಮೇಲೆ ಕೂತೆ. ಬೇಗ ಮುಗಿಸಿ ಜಾಗ ಖಾಲಿ ಮಾಡುವ ಯೋಚನೆ ನನ್ನದು. ನೀವೋ ಒಂದೊಂದು ಪ್ರಶ್ನೆಗೂ ನಿಧಾನಿಸಿ, ನಿಜ ಹೇಳಿದಿರಿ. ತೀರಿಹೋದ ಮಕ್ಕಳೆಷ್ಟು ಎಂಬ ಕಾಲಂ ಬಂತು. ಎರಡು ಎಂದು ಬರೆದು ಮುಂದೆ ಹೋಗುತ್ತಿದ್ದೆ. ನೀವು ಕೈ ಹಿಡಿದಿರಿ. "ಎರಡಂತೆ ಎರಡು! ಎಸ್ರು ಬರ್ಕೊಳಪ್ಪಾ." ಎರಡೂ ಹೆಸರು ಹೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಿರಿ. ಆಮೇಲೆ ಒಳಗೆ ಕರೆದು ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದಿರಿ. ನನ್ನ ತಾಯಿಯನ್ನು ಬಿಟ್ಟರೆ ಅಷ್ಟು ಪ್ರೀತಿಯಿಂದ ನನಗೆ ಬಡಿಸಿದವರು ನೀವೇ.

ಅಮ್ಮಾ, ಆ ಹಾಳೆ ವಿಶ್ವವಿದ್ಯಾಲಯಕ್ಕೆ ಹೋಗಲೇ ಇಲ್ಲ. ಪಟ್ಟಿಯಲ್ಲಿಲ್ಲದ ಮನೆ ಸೇರಿದರೆ ಲೆಕ್ಕ ಕೆಡುತ್ತದೆಂದು ನಾನೇ ತೆಗೆದಿಟ್ಟೆ. ಕೋಣೆ ಬದಲಾಯಿಸುವಾಗ ಹಳೇ ಪೇಪರಿನ ಜೊತೆ ಅದೂ ತೂಕಕ್ಕೆ ಹೋಯಿತು.

ಹೋದ ವಾರ ಯಲಹಂಕ ಸ್ಟೇಷನ್ನಿನಲ್ಲಿ ನಿಮ್ಮೂರಿನ ಚಿಕ್ಕಮಾರಯ್ಯ ಸಿಕ್ಕರು. "ಮುನಿಯಲ್ಲಮ್ಮ ಊರೆಲ್ಲ ಏಳ್ಕೊಂಡ್ ತಿರುಗ್ತಾಳೆ ಸ್ವಾಮಿ. ನನ್ ಮಕ್ಕಳ ಎಸ್ರು ಬೆಂಗಳೂರಲ್ಲಿ ಬರ್ದಿಟ್ಟವ್ರೆ, ಇನ್ನ ಅಳ್ಸೋಕಾಗಲ್ಲ ಅಂತಾಳೆ" ಎಂದರು. ರೈಲು ಬಂತು, ಹತ್ತುವುದನ್ನೂ ಮರೆತು ನಿಂತಿದ್ದೆ.

ನನ್ನ ಪ್ರಬಂಧ ಈಗ ಅಚ್ಚಿಗೆ ಹೋಗುತ್ತಿದೆ. ಮೊದಲ ಪುಟ ಅರ್ಪಣೆಗೆಂದು ಖಾಲಿ ಇದೆ. ಅಲ್ಲಿ ಗುರುಗಳ ಹೆಸರು ಹಾಕುವುದು ವಾಡಿಕೆ. ನನಗೆ ನಿಮ್ಮ ಮಕ್ಕಳ ಹೆಸರು ಹಾಕುವಾಸೆ. ಆದರೆ ನಿಮ್ಮನ್ನು ಕೇಳದೆ ಹಾಕುವುದಿಲ್ಲ. ಈ ಕಾಗದವನ್ನು ಅಂಚೆಗೆ ಹಾಕಿದರೆ ಚಿಕ್ಕಮಾರಯ್ಯನವರೇ ನಿಮಗೆ ಓದಿ ಹೇಳಬೇಕು, ಊರೆಲ್ಲ ಕೇಳಬೇಕು. ಅದು ಬೇಡ. ಭಾನುವಾರ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ನಾನೇ ಬಂದು ನಿಮಗೊಬ್ಬರಿಗೇ ಓದುತ್ತೇನೆ. ಎಷ್ಟು ಬೈದರೂ ಬೈಸಿಕೊಳ್ಳುತ್ತೇನೆ.

ಇನ್ನೊಂದು ಮಾತಿದೆ, ಬರೆಯಲು ಕೈ ಬರುತ್ತಿಲ್ಲ. ನಿಮ್ಮ ಮಗನ ಹೆಸರು ಲಕ್ಕಣ್ಣ, ಅದು ನೆನಪಿದೆ. ಮಗಳ ಹೆಸರು ಮರೆತುಬಿಟ್ಟಿದ್ದೇನೆ ಅಮ್ಮಾ. ಎಷ್ಟು ನೆನೆದರೂ ಬರುತ್ತಿಲ್ಲ. ದಯವಿಟ್ಟು ಇನ್ನೊಂದು ಸಲ ಹೇಳಿ.

ದೇವರು ನಿಮ್ಮನ್ನು ಗಟ್ಟಿಯಾಗಿಟ್ಟಿರಲಿ.

ನಿಮ್ಮ
ವೆಂಕಟರಾಮಯ್ಯ