ಚೌಡಿಯ ಮುಂದಿಟ್ಟ ಕತ್ತಿ

ಮನ್ಮನೆ, ಮೇ 1961

ವೆಂಕಟ್ರಮಣ ಒಡೆಯರಿಗೆ ನಿಮ್ಮ ಗೇಣಿದಾರ ಕನ್ನಪ್ಪನ ಹೆಂಡತಿಯ ನಮಸ್ಕಾರ.

ಗದ್ದೆ ಬಿಡಿಸುವುದಿಲ್ಲ ಎಂದಿರಿ. ಬಿಡಿಸಲು ಆಳು ಕಳಿಸಿದಿರಿ. ಗೇಣಿಗೆ ರಸೀದಿ ಕೊಡುತ್ತೇನೆ ಎಂದಿರಿ. ಕೇಳಿದವನ ಕೈ ಕಡಿಸಿದಿರಿ.

ನನ್ನ ಗಂಡನ ಮೂರು ಬೆರಳು ನೇಗಿಲ ಸಾಲಿನಲ್ಲೇ ಬಿದ್ದವು. ಅವನ್ನು ಹೆಕ್ಕಿ ಸೆರಗಿಗೆ ಕಟ್ಟಿಕೊಳ್ಳುವಾಗ ನಿಮ್ಮ ಆಳು ನಕ್ಕ: "ಕರಿಯೇ ನಿನ್ ಚೌಡೀನ, ಬತ್ತಾಳೇನೋ ನೋಡಾನ."

ಕರೆದೆ. ಕೇರಿಯ ಹೆಂಗಸರು ಒನಕೆ ಹಿಡಿದು ಬಂದರು. ಅವನ ಹಲ್ಲು ಉದುರಿದವು, ಕತ್ತಿ ಬಿಟ್ಟು ಓಡಿದ. ಅಮ್ಮ ಬಂದದ್ದು ಹಾಗೆ. ಅಂದಿನಿಂದ ಅವಳು ನನ್ನ ಬೆನ್ನಿಗೇ ಇದ್ದಾಳೆ, ನನಗೆ ಹೆದರಿಕೆಯಿಲ್ಲ.

ಆ ಕತ್ತಿಯನ್ನು ತೊಳೆಯದೆ ಚೌಡಿಯ ಮುಂದಿಟ್ಟಿದ್ದೇವೆ. ಅದರ ಮೇಲೆ ಕೈಯಿಟ್ಟು, "ಕಳಿಸಿದವನು ನಾನಲ್ಲ" ಎಂದು ಊರೆದುರು ಹೇಳಿ. ಹೇಳಿದರೆ ನಾವೇ ಗದ್ದೆ ಬಿಟ್ಟು ಹೋಗುತ್ತೇವೆ. ಅವಳೆದುರು ಸುಳ್ಳಾಡಿ ಇಲ್ಲಿ ಯಾರೂ ದಕ್ಕಿಸಿಕೊಂಡಿಲ್ಲ, ನಿಮಗೂ ಗೊತ್ತು. ಹೇಳಲಾಗದಿದ್ದರೆ ಅಲ್ಲಿಂದಲೇ ಗದ್ದೆಗಿಳಿದು ಬಿತ್ತುತ್ತೇವೆ. ಅಡ್ಡ ಬಂದವರಿಗೆ ಒನಕೆಯಿದೆ.

ಪೊಲೀಸರನ್ನು ಕರೆತಂದರೂ ಅಡ್ಡಿಯಿಲ್ಲ. ಚಪ್ಪಲಿ ಮಾತ್ರ ಕಟ್ಟೆಯ ಕೆಳಗೇ ಬಿಡಿ.

ಇತಿ, ಕೇರಿಯ ಎಲ್ಲರ ಪರವಾಗಿ,
ಗುತ್ಯಮ್ಮ

ಚೌಡಿಕಟ್ಟೆ, ಬರುವ ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆಗೆ.