ಮಾತೆಯ ಬೆಟ್ಟಕ್ಕೆ ಒಂದು ಕಲ್ಲು

ಜೋಗುಪಾಳ್ಯ
೨೨-೪-೧೯೪೬

ನನ್ನ ಮಗಳು ಶಾಂತಕುಮಾರಿಗೆ,

ನಿನ್ನ ಅಪ್ಪ ಚಿಕ್ಕಮುನಿಯಪ್ಪನ ಆಶೀರ್ವಾದ. ನೀನೂ ಇನ್ನಾಸಪ್ಪನೂ ಕೋಲಾರದ ಗಣಿಯಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ಅಳಿಯನ ಹೆಸರನ್ನು ನಾನು ಬರೆಯುತ್ತಿರುವುದು ಇದೇ ಮೊದಲು. ಮದುವೆಯಾಗಿ ನಾಲ್ಕು ವರ್ಷಕ್ಕೆ ಅಪ್ಪನಿಗೆ ನೆನಪಾಯಿತೇ ಎಂದು ನೀನು ಕೇಳಿದರೆ ತಪ್ಪಿಲ್ಲ.

ಕೃಷ್ಣರಾಜಪುರದಾಚೆ ನಿಮ್ಮ ಕ್ರೈಸ್ತರ ಮಾತೆಯ ಬೆಟ್ಟದಲ್ಲಿ ಮೆಟ್ಟಿಲು ಸರಿಪಡಿಸುವ ಕೆಲಸಕ್ಕೆ ಕರೆದಿದ್ದರು. ನನ್ನ ಮಗಳನ್ನು ತನ್ನ ಮತಕ್ಕೆ ಕರೆದುಕೊಂಡ ದೇವರಿಗೆ ನಾನೇಕೆ ಕಲ್ಲು ಕಡಿಯಲಿ ಎಂದು ಮೊದಲು ಒಪ್ಪಲಿಲ್ಲ. ಯುದ್ಧ ಮುಗಿದ ಮೇಲೆ ದಂಡು ಪ್ರದೇಶದಲ್ಲಿ ಬೇರೆ ಕೆಲಸವಿರಲಿಲ್ಲ, ಹೋದೆ.

ಗುಡಿ ನೋಡಿಕೊಳ್ಳುವ ಮುದುಕ ಚೌರಪ್ಪ ಬುತ್ತಿ ಬಿಚ್ಚಿದಾಗಲೆಲ್ಲ ಬೆಟ್ಟದ ಕತೆ ಹೇಳುತ್ತಿದ್ದ. ಪ್ಲೇಗಿನ ವರ್ಷ ದಂಡು ಪ್ರದೇಶದಿಂದ ಓಡಿ ಬಂದವರು ಬುಡದಲ್ಲಿ ಗುಡಿಸಲು ಹಾಕಿದ್ದರಂತೆ. ಒಬ್ಬ ವಿಧವೆ ಮನೆಯ ಮಾತೆಯ ಮರದ ವಿಗ್ರಹವನ್ನು ಸೆರಗಿನಲ್ಲಿ ಸುತ್ತಿ ತಂದು ಮೇಲಿನ ಬಂಡೆಯ ಮೇಲಿಟ್ಟಳಂತೆ. ಬದುಕುಳಿದವರು ತಲೆಗೊಂದು ಕಲ್ಲು ಹೊತ್ತು ಗುಡಿ ಕಟ್ಟಿದರು. ಇಂದಿಗೂ ಶುಭ ಶುಕ್ರವಾರ ಹತ್ತುವವರು ತಮ್ಮವರಿಗಾಗಿ ಬೇಡಿಕೊಂಡು ಒಂದು ಕಲ್ಲು ಒಯ್ಯುತ್ತಾರೆ. ಅವರಲ್ಲಿ ನಮ್ಮವರೂ ಇದ್ದಾರೆ, ಸಾಬರೂ ಇದ್ದಾರೆ.

"ಹೋದ್ ವರ್ಷ ಗಣಿ ಕಡೆಯಿಂದ ಒಬ್ಳು ಬಂದಿದ್ಲು," ಎಂದ ಚೌರಪ್ಪ. "ಒಂದೊಂದ್ ಕಲ್ಲನ್ನೂ ತಟ್ಟಿ, ಕಿವಿಕೊಟ್ಟು ಕೇಳಿ, ಬಿರುಕಿಲ್ದೆ ಇರೋದನ್ನ ಆರಿಸ್ಕೊಂಡ್ಲು. ಯಾರಿಗಮ್ಮ ಹರಕೆ ಅಂದೆ. ನಮ್ಮಪ್ಪನ ಒಂದ್ ಕಣ್ಣಿಗೆ ಕಲ್ಲಿನ ಚೂರು ಸಿಡಿದು ಮಂಜಾಗಿದೆ ಅಂದ್ಲು."

ಕಲ್ಲಿನ ದನಿ ಕೇಳುವುದನ್ನು ನಿನಗೆ ಕಲಿಸಿದವನು ನಾನೇ ಅಲ್ಲವೇ? "ಅವಳು ನನ್ನ ಮಗಳು ಕಣಯ್ಯ," ಎಂದೆ. ಚೌರಪ್ಪ ತನ್ನ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ಕಡೆ ಇಟ್ಟ.

ಮೊನ್ನೆ ಶುಕ್ರವಾರ ಕೆಲಸವಿಲ್ಲದಿದ್ದರೂ ಹೋದೆ. ನಿನ್ನ ಹೆಸರಿನಲ್ಲಿ ಒಂದು ಕಲ್ಲು ಹೊತ್ತು ಹತ್ತಿದೆ. ಜನರ ನಡುವೆ ನಿನ್ನನ್ನು ಹುಡುಕಿದೆ. ಸಿಕ್ಕವರು ನಿನ್ನ ಅತ್ತೆ. "ಅವಳಿಗೆ ಆರು ತಿಂಗಳು, ಬೆಟ್ಟ ಹತ್ತೋಕಾಗಲ್ಲ ಅಂತ ನಾನೇ ಬಂದೆ," ಎಂದರು. ನಾನು ಅವರಿಗೆ ಕೈಮುಗಿದೆ.

ನಿನ್ನನ್ನೂ ಹುಟ್ಟುವ ಕೂಸನ್ನೂ ಆ ಮಾತೆಯೂ ನಮ್ಮ ಹಲಸೂರಿನ ಸೋಮೇಶ್ವರನೂ ಕಾಯಲಿ.

ನಿನ್ನ ಅಪ್ಪ,
ಚಿಕ್ಕಮುನಿಯಪ್ಪ

ತಾ.ಕ. ನೀನು ಬರೆದ ಏಳು ಕಾಗದಗಳೂ ಬಂದಿದ್ದವು. ಒಂದನ್ನೂ ಒಡೆಯದೆ ಟ್ರಂಕಿನ ತಳದಲ್ಲಿಟ್ಟಿದ್ದೆ. "ಶಾಂತಂದು ಕಾಗ್ದ ಬಂತಾ?" ಎಂದು ನಿನ್ನ ಅಮ್ಮ ಕೇಳಿದಾಗಲೆಲ್ಲ ಇಲ್ಲ ಎಂದೆ. ಮಗಳು ತನ್ನನ್ನು ಮರೆತಳೆಂದೇ ಅವಳು ನಾಲ್ಕು ವರ್ಷ ಕೊರಗಿದಳು. ನಿನ್ನೆ ಏಳನ್ನೂ ಓದಿ ಹೇಳಿದೆ. ಆಮೇಲೆ ನನ್ನ ಜೊತೆ ಮಾತಿಲ್ಲ. ಅಕ್ಷರ ಬಾರದವಳು ಆ ಕಾಗದಗಳನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತಾ ಕೂತಿದ್ದಾಳೆ. ನನ್ನನ್ನು ಕ್ಷಮಿಸದಿದ್ದರೂ ಸರಿ ಮಗಳೇ, ಹೆರಿಗೆಗೆ ಅಮ್ಮನ ಹತ್ತಿರ ಬಾ.