ಹೊಂದಾಣಿಕೆ ಇಲ್ಲ

ಶಿಡ್ಲಘಟ್ಟ
೧೨-೬-೨೦೦೯

ಪ್ರೀತಿಯ ತನುಜ ಅವರಿಗೆ,

ಮೂವತ್ತು ವರ್ಷದ ಹಿಂದೆ ಇಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕಳೆದುಹೋದ ನನ್ನ ಅಕ್ಕ ನೀವೇ ಎಂದು ನಂಬಿಬಿಟ್ಟಿದ್ದೆವು. ನೀವೂ ಅಮ್ಮನೂ ನಮ್ಮ ಪಡಸಾಲೆಯಲ್ಲಿ ಕೂತು, ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿ ಅಂಚೆಗೆ ಹಾಕಿದ ಡಿಎನ್‌ಎ ಪರೀಕ್ಷೆಯ ವರದಿ ಸೋಮವಾರ ಬಂತು. ನೀವಿಬ್ಬರು ತಾಯಿ-ಮಗಳಲ್ಲವಂತೆ. ಪ್ರತಿಯನ್ನು ಇದರೊಳಗೆ ಇಟ್ಟಿದ್ದೇನೆ.

ಅಮ್ಮನಿಗೆ ಹೇಳಲು ಧೈರ್ಯ ಬಂದದ್ದು ನಿನ್ನೆ. ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದವರು ಕತ್ತಿ ಕೆಳಗಿಟ್ಟು ಅತ್ತರು. ಆಮೇಲೆ ಕೇಳಿದರು: "ಹಂಗಾರೆ ಆ ಹುಡುಗೀನ ಹೆತ್ತೋಳು ಎಲ್ಲಿದಾಳೆ?"

ಗೊತ್ತಿಲ್ಲ ಎಂದೆ.

"ಅವಳೂ ನನ್ನಂಗೇ ಹುಡುಕ್ತಿರ್ತಾಳೆ ಕಣೇ. ತನುಜಮ್ಮನ್ನ ಬರೋಕೆ ಹೇಳು. ನಾನೂ ಜೊತೇಲಿ ಬರ್ತೀನಿ, ಹುಡುಕಣ."

ನೀವು ಬೆಳೆದ ಚಿಕ್ಕಬಳ್ಳಾಪುರದ ಆಶ್ರಮದಲ್ಲಿ, ಮಗುವಾಗಿದ್ದ ನೀವು ಯಾವ ಊರಲ್ಲಿ, ಯಾರಿಗೆ ಸಿಕ್ಕಿದಿರಿ ಎಂದು ಬರೆದಿಟ್ಟಿರಬಹುದು. ದಯವಿಟ್ಟು ಕೇಳಿಕೊಂಡು, ಮುಂದಿನ ಭಾನುವಾರ ಒಂಬತ್ತರ ಬಸ್ಸಿಗೆ ಬನ್ನಿ. ಅಮ್ಮ ನಿಲ್ದಾಣಕ್ಕೇ ಬರುತ್ತಾರೆ.

ನಿಮ್ಮನ್ನು ಅಕ್ಕ ಎಂದು ಕರೆದು ರೂಢಿಯಾಗಿಬಿಟ್ಟಿದೆ. ಬೇಡವೆನಿಸಿದರೆ ಬಂದಾಗ ಹೇಳಿ.

ನಿಮ್ಮ
ಗೌತಮಿ